ಸಾಕ್ಷಿದಿಬ್ಬ

ಬಾಲಾನಗರದ ಕಾರ್ಖಾನೆಗಳ ಆಚೆ, ಊರು ಮುಗಿದು ಹೊಲ ಹತ್ತುವ ಕಡೆ, ಹಳೆಯ ಕೆರೆಯೊಂದಿತ್ತು. ಕೂಲಿಗಾಗಿ ಕಾಳು ಯೋಜನೆಯಲ್ಲಿ ಅದರ ಏರಿ ಎತ್ತರಿಸುವ ಕೆಲಸ ಶುರುವಾದಾಗ ಬಂಡೆಪ್ಪ ಮೇಸ್ತ್ರಿ ತನ್ನ ಕಡೆಯ ಮಂದಿಯನ್ನೆಲ್ಲ ಕರೆತಂದ. ಯಂತ್ರ ತರುವಂತಿರಲಿಲ್ಲ, ಗುದ್ದಲಿ, ಬುಟ್ಟಿ, ಮನುಷ್ಯರ ರಟ್ಟೆ, ಅಷ್ಟೇ. ಕೂಲಿಗೆ ಅಕ್ಕಿ.

ಮಣ್ಣಿನ ಕೆಲಸಕ್ಕೊಂದು ಪದ್ಧತಿ ಉಂಟು. ಗುಂಡಿ ತೋಡುವಾಗ ನಡುವೆ ಒಂದಿಷ್ಟು ನೆಲವನ್ನು ಕಂಬದಂತೆ ಹಾಗೇ ಬಿಡಬೇಕು. ನೆತ್ತಿಯ ಮೇಲೆ ಹುಲ್ಲು ಹೊತ್ತ ಆ ಸಾಕ್ಷಿದಿಬ್ಬಕ್ಕೆ ಟೇಪು ಹಿಡಿದೇ ಓವರ್ಸಿಯರ್ ಆಳ ಅಳೆಯುವುದು. ಅಂಚಿಗೆ ಮಣ್ಣು ಪೇರಿಸಿ ಮೋಸ ಮಾಡುವವರಿರುತ್ತಾರೆಂದು ಅಂಚಿನ ಅಳತೆಯನ್ನು ಯಾರೂ ನಂಬರು. ಅಳತೆ ಇದ್ದಷ್ಟೇ ಅಕ್ಕಿ; ದಿಬ್ಬ ಹೋದರೆ ಪಟ್ಟ ಕಷ್ಟವೂ ಹೋಯಿತು.

ರಾಯಚೂರಿನ ಕಡೆಯಿಂದ ಹೊಸದಾಗಿ ಬಂದಿದ್ದ ಗುಣವತಿಗೆ ಇದು ಗೊತ್ತಿರಲಿಲ್ಲ. ಗಂಡ ಮಲ್ಲಪ್ಪ ಜ್ವರ ಬಂದು ಗುಡಿಸಲಲ್ಲಿ ಮಲಗಿದ್ದ. ಕಡಿಯುವುದೂ ಹೊರುವುದೂ ಅವಳೇ. ಹೆಣ್ಣಾಳುಗಳಿಗೆ ಕೆಲಸ ತಿಳಿಹೇಳುವುದು ಮೇಸ್ತ್ರಿಯ ಹೆಂಡತಿ ಶಿವದೇವಿಯ ಪಾಲಿಗಿತ್ತು. ಅವಳ ಮನಸ್ಸು ಅಂದು ಕದಡಿತ್ತು. ಬೆಳಿಗ್ಗೆ ಬಂಡೆಪ್ಪ ಎಲ್ಲರೆದುರು, "ಗುಣವತಿ ಗುಂಡಿ ನೋಡ್ರಿ, ಗ್ವಾಡಿ ಹೆಂಗ ಸಪಾಟ ಐತಿ! ನಮ್ಮಾಕಿದು ಹಂದಿ ಕೆದರಿದಂಗ ಐತಿ" ಎಂದು ನಗಿಸಿದ್ದ.

ಮಧ್ಯಾಹ್ನ ಗುಣವತಿ ಶಿವದೇವಿಯ ಹತ್ತಿರ ಬಂದು ಕೇಳಿದಳು. "ಅಕ್ಕಾರ, ನಡುವಿಂದಷ್ಟ ಉಳದೈತ್ರಿ. ಅದನ್ನೂ ಕಡೀಲೇನ್ರಿ?"

"ಕಡಿಯೂದ ಬಿಟ್ಟು ಅದಕ್ಕ ಆರತಿ ಮಾಡ್ತಿಯೇನ? ಭಾಳ ಶಾಣ್ಯಾಕಿ ಅದೀಯಲ್ಲ, ಕಡಿ!"

ಬಾಯಿಗೆ ಬಂದ ಕೊಂಕು ಅದು. ಬುಟ್ಟಿ ಹೊತ್ತು ಏರಿ ಹತ್ತುವಾಗ ಹಿಂದೆ ಗುದ್ದಲಿಯ ಸದ್ದಾಯಿತು. ತಿರುಗಿ ಕೂಗಬಹುದಿತ್ತು. ಶಿವದೇವಿ ಕೂಗಲಿಲ್ಲ. ನಾಲ್ಕಾರು ಸಲ ಮಣ್ಣು ಸುರಿದು ಇಳಿದು ಬರುವಷ್ಟರಲ್ಲಿ ದಿಬ್ಬ ಇರಲಿಲ್ಲ. ಗುಣವತಿ ಗುಂಡಿಯ ತಳವನ್ನು ಅಂಗಳ ಸಾರಿಸಿದ ಹಾಗೆ ಸಮ ಮಾಡುತ್ತಿದ್ದಳು.

ಮರುದಿನ ಓವರ್ಸಿಯರ್ ಆ ಗುಂಡಿಯನ್ನು ಇಣುಕಿ ನೋಡಿ, ತೆಲುಗಿನಲ್ಲಿ ಬೈದು, ಟೇಪು ಸುತ್ತಿಕೊಂಡು ಮುಂದೆ ನಡೆದ. ಬಂಡೆಪ್ಪ ಹಣೆ ಚಚ್ಚಿಕೊಂಡ.

"ಯಾರ ಹೇಳಿದ್ರವ್ವಾ ನಿನಗ, ಇದನ್ನ ಕಡಿ ಅಂತ?"

ಗುಣವತಿ ಒಮ್ಮೆ ಶಿವದೇವಿಯ ಮುಖ ನೋಡಿದಳು. ಎಲ್ಲರೂ ಕಾದರು. ಶಿವದೇವಿ ಸೆರಗಿನ ಮಣ್ಣು ಕೊಡವತೊಡಗಿದಳು.

"ಯಾರೂ ಹೇಳಿಲ್ರಿ ಅಣ್ಣಾರ. ನನಗ ತಿಳೀಲಿಲ್ಲ."

ಸಂಜೆ ಅಕ್ಕಿ ಹಂಚಿದಾಗ ಗುಣವತಿ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡಳು. ಬೆಳಗಾಗುವಾಗ ಅವರ ಗುಡಿಸಲು ಬರಿದಾಗಿತ್ತು.

ಶಿವದೇವಿ ತನ್ನ ಪಾಲಿನ ಅಕ್ಕಿಯನ್ನು ಗಂಟು ಕಟ್ಟಿಕೊಂಡು ಬಸ್ಸು ಹಿಡಿದು ಕಾಚಿಗೂಡ ರೈಲು ನಿಲ್ದಾಣಕ್ಕೆ ಓಡಿದಳು. ರಾಯಚೂರಿನ ಕಡೆಯ ರೈಲು ಇನ್ನೂ ನಿಂತಿತ್ತು. ಕಿಟಕಿಯ ಬದಿಗೆ ಗುಣವತಿ, ಅವಳ ಹೆಗಲಿಗೆ ಒರಗಿ ಮಲ್ಲಪ್ಪ.

"ತಂಗೀ, ಇದನ್ನಷ್ಟ ಇಟ್ಕೋ. ನಿಂದ ಇದು."

"ಅಕ್ಕಿ ಒಯ್ರಿ ಅಕ್ಕಾರ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನಿ ಅಷ್ಟ ಮಂದಿ ಮುಂದ ನೀವು ಒಂದ ಮಾತು ಆಡಿದ್ರ ಸಾಕಾಗಿತ್ತು."

ರೈಲು ಹೊರಟಿತು. ಗಂಟು ಶಿವದೇವಿಯ ಕೈಯಲ್ಲೇ ಉಳಿಯಿತು.

ಆ ವರ್ಷ ಮಳೆ ಚೆನ್ನಾಗಿ ಬಿತ್ತು, ಕೆಳಗಿನ ಹೊಲಗಳಲ್ಲಿ ಭತ್ತ ಎದ್ದಿತು. ಏರಿಯ ಮೇಲೆ ಹೋಗುವಾಗಲೆಲ್ಲ ಶಿವದೇವಿಗೆ ಗುಂಡಿಗಳ ನೀರಿನಿಂದ ತಲೆ ಎತ್ತಿ ನಿಂತ ದಿಬ್ಬಗಳು ಕಾಣುತ್ತಿದ್ದವು. ಒಂದು ಗುಂಡಿಯಲ್ಲಿ ಮಾತ್ರ ಬರೀ ನೀರು. ಅಲ್ಲಿಗೆ ಬಂದಾಗ ಅವಳು ಸೆರಗು ಕೊಡವಿಕೊಳ್ಳುತ್ತಿದ್ದಳು, ಮಣ್ಣಿಲ್ಲದಿದ್ದರೂ.