ಹೂಂ ಅನ್ನುವಷ್ಟು ಉಸಿರು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ರೇಡಿಯೋ ಅತ್ತೆ ಎಂದು. ಮೂವತ್ತೈದು ವರ್ಷ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದು, ಕಣ್ಣು ಮಂಜಾದ ಮೇಲೆ ಹೊಲಿಗೆ ಮಿಷನ್ನಿಗೆ ಹೊದಿಕೆ ಹಾಕಿದ್ದಳು. ಬಾಯಿಗೆ ಮಾತ್ರ ಯಾವತ್ತೂ ಹೊದಿಕೆ ಹಾಕಿದವಳಲ್ಲ. ಅವಳ ಕೈಗೆ ಸಿಕ್ಕಿಬಿದ್ದರೆ ಬಸ್ಸು ತಪ್ಪಿದಂತೆಯೇ ಎಂದು ಗೊತ್ತಿದ್ದ ನೆರೆಹೊರೆಯವರು ಬೆಳಗ್ಗೆ ಗೇಟನ್ನು ಸದ್ದಾಗದಂತೆ ತೆಗೆದು ನುಣುಚಿಕೊಳ್ಳುತ್ತಿದ್ದರು.

ಕಥೆ ಕೇಳುವವರಿಗೆ ಅವಳದು ಒಂದೇ ಷರತ್ತು: ಹೂಂಗುಟ್ಟಬೇಕು. ಹೂಂ ಅಂದರೆ ಕಥೆ ಮುಂದಕ್ಕೆ ಹೋಯಿತು, ಹೂಂ ನಿಂತರೆ ಕಥೆಯೂ ನಿಂತಿತು. ಹೆತ್ತ ಮಗನಿಗೂ ಇದರಲ್ಲಿ ರಿಯಾಯಿತಿ ಇರಲಿಲ್ಲ.

ಸೊಸೆಯೋ ಮಾತಿನ ಬರಗಾಲದಲ್ಲಿ ಹುಟ್ಟಿದವಳು. ಕೇಳಿದ್ದಕ್ಕೆ ಉತ್ತರ, ಅದೂ ಅಳೆದು ಸುರಿದು. ಅಗ್ನಿಶಾಮಕ ಠಾಣೆಯಲ್ಲಿ ಅವಳ ಕೆಲಸ. ಗಂಟೆ ಬಾರಿಸಿದರೆ ಕೆಂಪು ಲಾರಿ ಹತ್ತಿ ಹೋಗಿ, ಜನ ಹೊರಗೆ ಓಡಿ ಬರುತ್ತಿರುವ ಕಟ್ಟಡದೊಳಗೆ ಪೈಪು ಹೊತ್ತು ನುಗ್ಗುವುದು. ಆ ಠಾಣೆಯಲ್ಲಿ ಮೆಟ್ಟಿಲು ಹತ್ತುವುದರಲ್ಲಿ ಅವಳನ್ನು ಮೀರಿಸಿದ ಗಂಡಸಿರಲಿಲ್ಲ. ಇದನ್ನು ಅವಳು ಒಮ್ಮೆಯೂ ಹೇಳಿಕೊಂಡವಳಲ್ಲ. ಅತ್ತೆ ಮಾತ್ರ ಇಡೀ ಬೀದಿಗೆ ಹೇಳಿ ಮುಗಿಸಿದ್ದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒದ್ದೆಯಾಗಿದ್ದ ಲಾರಿಯಿಂದ ಕೆಳಗೆ ಹಾರುವಾಗ ಒಂದು ದಿನ ಸೊಸೆಯ ಹಿಮ್ಮಡಿಯ ಮೇಲಿನ ನರ ಫಟ್ಟೆಂದು ಹರಿಯಿತು. ಆಪರೇಷನ್ನು, ಪ್ಲಾಸ್ಟರು, ಊರುಗೋಲು. ಆಮೇಲೆ ಹದಿನೇಳು ತಿಂಗಳು ಠಾಣೆಯ ಫೋನು ಕೋಣೆಯಲ್ಲಿ ಕೂತು, ಬೇರೆಯವರು ಹೋಗಬೇಕಾದ ವಿಳಾಸ ಬರೆದುಕೊಳ್ಳುವ ಕೆಲಸ. ಎರಡು ವರ್ಷದೊಳಗೆ ಪೈಪು ಹೊತ್ತು ಗೋಪುರ ಹತ್ತುವ ಪರೀಕ್ಷೆ ಪಾಸಾದರೆ ಮತ್ತೆ ಲಾರಿ, ಇಲ್ಲದಿದ್ದರೆ ಕಾಯಂ ಫೋನು. ಅವಳಿಗೆ ಉಳಿದಿದ್ದದ್ದು ಏಳು ತಿಂಗಳು.

ಅತ್ತೆಯ ಮನಸ್ಸಿನಲ್ಲಿ ಇದ್ದದ್ದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಫೋನು ಕೋಣೆಯೇ ಕಾಯಂ ಆಗಲಿ ಎಂದು ಅವಳು ಮನಸಾರೆ ಹಾರೈಸುತ್ತಿದ್ದಳು. ಗಂಟೆ ಹೊಡೆದಾಗ ಸೊಸೆ ಮನೆಯಲ್ಲಿ ಇಲ್ಲ, ಎಲ್ಲೋ ಹೊಗೆಯೊಳಗೆ ಇದ್ದಾಳೆ ಎಂಬ ಎಂಟು ವರ್ಷಗಳ ತಳಮಳ ಅವಳಿಗೆ ಸಾಕಾಗಿ ಹೋಗಿತ್ತು. ಕುರ್ಚಿ ಇದೆ, ತಲೆಯ ಮೇಲೆ ಫ್ಯಾನು ಇದೆ, ಸಂಬಳವೂ ಅಷ್ಟೇ ಇದೆ. ಇನ್ನೇನು ಬೇಕು ಮನುಷ್ಯರಿಗೆ?

ಸೊಸೆಗೆ ಬೇಕಾಗಿತ್ತು. ಡಾಕ್ಟರು ಓಡಬಹುದು ಅಂದ ಮಾರನೆಯ ಬೆಳಗ್ಗೆಯೇ ಹಳೆಯ ನೋಟುಬುಕ್ಕು ತೆಗೆದಳು. ಮೊದಲು ಎಷ್ಟು ದೂರ, ಎಷ್ಟು ನಿಮಿಷ ಎಂದು ದಿನದಿನವೂ ಬರೆದಿಟ್ಟ ಪುಸ್ತಕ ಅದು. ಅದರ ಕೊನೆಯ ಪುಟದಿಂದಲೇ ಮುಂದುವರಿಸಲು ಹೊರಟಳು. ಮೊದಲ ದಿನ ದೀಪದ ಕಂಬ ತಬ್ಬಿಕೊಂಡು ವಾಂತಿ ಮಾಡಿದಳು. ನಾಲ್ಕನೆಯ ದಿನ ಮೀನಖಂಡ ಊದಿ ಕುಂಟುತ್ತ ಬಂದಳು.

ವ್ಯಾಯಾಮ ಹೇಳಿಕೊಡುವ ಆಸ್ಪತ್ರೆಯ ಹೆಂಗಸು ನೋಟುಬುಕ್ಕು ನೋಡಿ ಮುಚ್ಚಿಟ್ಟಳು. "ಇದು ನಿಮ್ಮ ಪುಸ್ತಕ ಅಲ್ಲ. ಹಿಂದೆ ಇದ್ದ ಯಾರೋ ಒಬ್ಬರದ್ದು," ಅಂದಳು. "ನೀವು ಮಾತಾಡ್ತಾ ಓಡ್ಬೇಕು. ಮಾತು ಕಟ್ಟಿತು ಅಂದ್ರೆ ಜೋರಾಯ್ತು ಅಂತ ಅರ್ಥ. ಮೂರು ತಿಂಗಳು ಬರೀ ಹಾಗೇನೇ. ಜೊತೆಗೆ ಯಾರಾದ್ರೂ ಮಾತಾಡೋರು ಇದ್ದಾರಾ ಮನೇಲಿ?"

ಜೊತೆಗೆ ಹೋಗಿದ್ದ ಅತ್ತೆಯ ಕಡೆಗೆ ಸೊಸೆ ಮೆಲ್ಲನೆ ತಿರುಗಿ ನೋಡಿದಳು. ಆ ನೋಟದಲ್ಲಿ ಗೌರವಕ್ಕಿಂತ ಗಾಬರಿಯೇ ಹೆಚ್ಚಾಗಿತ್ತು.

ಮಗ ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ಊರು ಏಳುವ ಹೊತ್ತಿಗೆ ಅವನು ಒಲೆಯ ಮುಂದೆ ಇರಬೇಕು. ಹಾಗಾಗಿ ಸತ್ತ ಗಂಡ ಕೊಟ್ಟಿದ್ದ ಸೈಕಲ್ಲನ್ನು ಅತ್ತೆಯೇ ಹೊರಗೆಳೆದಳು. ಗಂಡ ಸೈಕಲ್ ರಿಪೇರಿ ಮಾಡುತ್ತಿದ್ದವನು. ಹಳೆಯ ಬಿಡಿಭಾಗಗಳಲ್ಲೇ ಅವಳ ಅಳತೆಗೆ ಅದನ್ನು ಜೋಡಿಸಿಕೊಟ್ಟಿದ್ದ. ನಡೆದರೆ ನೋಯುವ ಅವಳ ಬಲ ಮಂಡಿ ಪೆಡಲು ತುಳಿದರೆ ತೆಪ್ಪಗಿರುತ್ತಿತ್ತು. "ಬೇರೆ ಮನೇಲಿ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ಅವಳು ಟೈರಿಗೆ ಗಾಳಿ ಹೊಡೆಯುತ್ತ ಹೇಳಿದಳು. "ನಮ್ಮನೇಲಿ ಅತ್ತೆಗೊಂದು ಕಾಲು, ಸೊಸೆಗೊಂದು ಕಾಲು. ನಡಿ."

ಅಂದಿನಿಂದ ಬೆಳಗ್ಗೆ ಆರಕ್ಕೆ ಆ ಮೆರವಣಿಗೆ ಶುರುವಾಯಿತು. ಗೋದಾಮುಗಳ ಹಿಂದಿನ ನೇರ ರಸ್ತೆಯಲ್ಲಿ ಸೊಸೆ ಓಡುವುದು, ಪಕ್ಕದಲ್ಲಿ ಅತ್ತೆ ಸೈಕಲ್ಲಿನ ಮೇಲೆ ಕಥೆ ಹೇಳುವುದು. ಒಂದು ಭುಜ ಇನ್ನೊಂದಕ್ಕಿಂತ ಮೇಲಿದ್ದ ಲೆಕ್ಕದ ಮೇಷ್ಟ್ರು, ಮೂರು ಮಕ್ಕಳಿಗೂ ಒಂದೇ ಅಳತೆ ಕೊಟ್ಟ ಜಿಪುಣಿ, ಜೇಬಿನಲ್ಲಿ ಕಪ್ಪೆ ಇದ್ದ ಚಡ್ಡಿಯನ್ನೇ ರಿಪೇರಿಗೆ ತಂದ ತಾಯಿ.

"ಜೇಬಿಗೆ ಕೈ ಹಾಕ್ತೀನಿ, ತಣ್ಣಗಿದೆ."

"ಹೂಂ."

"ಉಸಿರಾಡ್ತಾ ಇದೆ!"

"ಹೂಂ."

ಹೂಂ ಸಲೀಸಾಗಿ ಬಂದರೆ ವೇಗ ಸರಿ ಇದೆ ಎಂದರ್ಥ. ಹೂಂ ತುಂಡಾದರೆ ಅತ್ತೆ ಬ್ರೇಕು ಹಿಡಿಯುತ್ತಿದ್ದಳು, ಸೊಸೆ ನಿಧಾನಿಸಬೇಕಿತ್ತು. ಆಸ್ಪತ್ರೆಯಲ್ಲಿ ಕೈಗೆ ಕಟ್ಟಲು ಕೊಟ್ಟಿದ್ದ ಗಡಿಯಾರ ಎದೆಬಡಿತ ತೋರಿಸುತ್ತಿತ್ತು. ಅತ್ತೆ ಅದನ್ನು ಒಂದು ವಾರ ಸೊಸೆಯ ಹೂಂ ಜೊತೆ ತಾಳೆ ನೋಡಿ, ಗಡಿಯಾರ ಪರವಾಗಿಲ್ಲ ಎಂದು ತೀರ್ಪು ಕೊಟ್ಟಳು.

ಒಮ್ಮೆ ಮಾತ್ರ ಹೂಂ ಪೂರ್ತಿ ನಿಂತುಹೋಯಿತು. ಸೊಸೆ ಹುರುಪಿನಲ್ಲಿ ವೇಗ ಹೆಚ್ಚಿಸಿದ್ದಳು, ಅಷ್ಟೇ. ಆದರೆ ಅತ್ತೆ ಸೈಕಲ್ಲನ್ನು ಅಡ್ಡ ಕೆಡವಿ ಓಡಿ ಬಂದು ಅವಳ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು. "ಹೂಂ ಅನ್ನೇ! ಹೂಂ ಅನ್ನು ಮೊದಲು!" ಸೊಸೆ ಹೂಂ ಅಂದಳು. ಅವಳಿಗೆ ಅರ್ಥವಾಗಿತ್ತು.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಆಸ್ಪತ್ರೆಯ ಮಂಚದ ಪಕ್ಕ ಕೂತು ಅತ್ತೆ ಗಂಡನಿಗೆ ಕಥೆ ಹೇಳುತ್ತಿದ್ದಳು. ತಾನು ಹೊಲಿಗೆ ಶುರುಮಾಡಿದ ಮೊದಲ ವರ್ಷ ನಲವತ್ತು ಚಡ್ಡಿ ಕೆಡಿಸಿದ ಕಥೆ. ಅವನು ಕಣ್ಣು ಮುಚ್ಚಿಕೊಂಡೇ ಹೂಂ ಅನ್ನುತ್ತಿದ್ದ. ನಡುವೆ ಎಲ್ಲೋ ಒಂದು ಹೂಂ ಬರಲಿಲ್ಲ. ನಿದ್ದೆ ಬಂತೇನೋ ಎಂದು ಅವಳು ಇನ್ನೊಂದು ಎರಡು ಮಾತು ಹೇಳಿದಳು. ಆ ಎರಡು ಮಾತನ್ನು ಕೇಳುವವರೇ ಇರಲಿಲ್ಲ. ಆ ಕಥೆಯನ್ನು ಅವಳು ಮತ್ತೆ ಯಾರಿಗೂ ಹೇಳಲಿಲ್ಲ.

ಎರಡನೆಯ ತಿಂಗಳು ಕಷ್ಟದ್ದು. ಒಂದು ಬೆಳಗ್ಗೆ ಕೋಲೂರಿಕೊಂಡು ನಾಯಿ ಹಿಡಿದು ಹೊರಟಿದ್ದ ಮುದುಕನೊಬ್ಬ ಓಡುತ್ತಿದ್ದ ಸೊಸೆಯನ್ನು ಹಿಂದೆ ಹಾಕಿ ಹೋದ. ಹೋಗುವಾಗ ಟೋಪಿ ಎತ್ತಿ ನಮಸ್ಕಾರ ಬೇರೆ ಮಾಡಿದ. ಸೊಸೆ ಫುಟ್‌ಪಾತಿನ ಅಂಚಿನಲ್ಲಿ ಕುಸಿದು ಕೂತಳು.

"ಸಾಕು ಅತ್ತೆ. ಫೋನ್ ಹತ್ರಾನೇ ಕೂತ್ಕೋತೀನಿ."

ಇದೇ ಮಾತಿಗಾಗಿ ಅತ್ತೆ ತಿಂಗಳುಗಟ್ಟಲೆ ಕಾದಿದ್ದಳು. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಒಂದೇ ಒಂದು ಹೂಂ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಅದು ನಾಲಗೆಯ ತುದಿಗೂ ಬಂದಿತ್ತು. ಆದರೆ ಸೊಸೆಯ ಮುಖ ನೋಡಿದಳು. ಉರಿಯುವ ಮನೆಗೆ ನುಗ್ಗುತ್ತಿದ್ದವಳು, ನಾಯಿಗಿಂತ ಹಿಂದೆ ಉಳಿದರೂ ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಎದ್ದು ಬಂದಿದ್ದಳು. ಜೋರಾಗಿ ಓಡಬಲ್ಲವಳು ನಿಧಾನ ಓಡಲು ಒಪ್ಪುವುದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು. ಇಂಥವಳನ್ನು ಕುರ್ಚಿಯಲ್ಲಿ ಕೂರಿಸಿ ತಾನು ನೆಮ್ಮದಿಯಾಗಿರುವುದೇ? ಅತ್ತೆಗೆ ತನ್ನ ಮೇಲೆಯೇ ನಾಚಿಕೆಯಾಯಿತು.

"ಹೊಸ ಬಟ್ಟೆ ಹೊಲಿಯೋಕೆ ಯಾರಿಗೆ ಬರಲ್ಲ?" ಅಂದಳು. "ಹಳೇ ಹೊಲಿಗೆ ಬಿಚ್ಚಿ, ಬಟ್ಟೆ ಹರೀದೆ, ಮತ್ತೆ ಹೊಲಿಯೋದಿದೆಯಲ್ಲ, ಅದು ಕೆಲಸ. ಒಂದೊಂದೇ ನೂಲು ಬಿಚ್ಬೇಕು. ಎಳೆದ್ರೆ ಕೆಟ್ಟಿತು. ನೀನೀಗ ಬಿಚ್ತಾ ಇದೀಯ, ಅಷ್ಟೇ. ಏಳು, ಆ ಮುದುಕ ಇನ್ನೂ ತಿರುವಿನ ಹತ್ರಾನೇ ಇದ್ದಾನೆ."

ಸೊಸೆ ಎದ್ದಳು. ಮುದುಕ ಸಿಗಲಿಲ್ಲ. ಆದರೆ ಮುಂದಿನ ತಿಂಗಳು ಸಿಕ್ಕ. ನಾಲ್ಕನೆಯ ತಿಂಗಳ ಹೊತ್ತಿಗೆ ನಾಯಿಯೂ ಹಿಂದೆ ಉಳಿಯಿತು. ಐದನೆಯದರಲ್ಲಿ ಪಕ್ಕದ ಬೀದಿಯ ವಸತಿ ಕಟ್ಟಡದಲ್ಲಿ ಮೆಟ್ಟಿಲು ಹತ್ತುವುದು ಶುರುವಾಯಿತು, ಬೆನ್ನಿಗೆ ಮರಳಿನ ಚೀಲ ಬಂತು. ಅತ್ತೆ ಕೆಳಗಿನ ಮೆಟ್ಟಿಲಲ್ಲಿ ಕೂತು ಮೇಲಕ್ಕೆ ಕೂಗಿ ಕಥೆ ಹೇಳುವುದು, ಮೇಲಿನಿಂದ ಹೂಂ ಉರುಳಿಕೊಂಡು ಬರುವುದು. ಆ ಕಟ್ಟಡದ ನಾಲ್ಕೂ ಅಂತಸ್ತಿನವರಿಗೆ ಕಪ್ಪೆಯ ಕಥೆ ಬಾಯಿಪಾಠವಾಯಿತು.

ಪರೀಕ್ಷೆಯ ದಿನ ಬಂತು. ಠಾಣೆಯ ಹಿತ್ತಲಿನಲ್ಲಿ ಆರು ಅಂತಸ್ತಿನ ಸಿಮೆಂಟು ಗೋಪುರ, ಪ್ರತಿ ಅಂತಸ್ತಿಗೂ ಗಾಜಿಲ್ಲದ ಒಂದು ಕಿಟಕಿ, ತುದಿಯಲ್ಲಿ ಗಂಟೆ. ಇಪ್ಪತ್ತು ಕಿಲೋ ಪೈಪಿನ ಸುರುಳಿ ಹೊತ್ತು ಐದು ಸಲ ಹತ್ತಿ, ಪ್ರತಿ ಸಲವೂ ಗಂಟೆ ಬಾರಿಸಬೇಕು. ಐದನೆಯ ಗಂಟೆ ಹದಿನೆಂಟು ನಿಮಿಷದೊಳಗೆ ಆಗಬೇಕು. ಸೊಸೆಯ ಜೊತೆ ಪರೀಕ್ಷೆಗೆ ನಿಂತ ಇಬ್ಬರೂ ಅವಳಿಗಿಂತ ಹತ್ತು ವರ್ಷ ಚಿಕ್ಕವರು.

ಶಿಳ್ಳೆ ಬಿದ್ದದ್ದೇ ಅವರಿಬ್ಬರೂ ಬಾಣದಂತೆ ಹೋದರು. ಸೊಸೆ ಸಂತೆಗೆ ಹೊರಟವಳ ಹಾಗೆ ನಿಧಾನವಾಗಿ ಒಳಗೆ ಹೋದಳು. ಠಾಣಾಧಿಕಾರಿ ಗಡಿಯಾರ ನೋಡಿ ತುಟಿ ಕಚ್ಚಿಕೊಂಡ. ಬೇಲಿಯ ಪಕ್ಕ ನಿಂತಿದ್ದ ಅತ್ತೆಗೆ ಇನ್ನು ತಡೆಯಲಾಗಲಿಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಶುರುಮಾಡಿದಳು. "ಒಂದು ಸಲ ಏನಾಯ್ತು ಗೊತ್ತಾ? ಲೆಕ್ಕದ ಮೇಷ್ಟ್ರು ಬಂದ್ರು!"

ಎರಡನೆಯ ಕಿಟಕಿಯಿಂದ ಕೇಳಿಸಿತು. "ಹೂಂ."

"ಅಮ್ಮಾ, ಇಲ್ಲಿ ಪರೀಕ್ಷೆ ನಡೀತಾ ಇದೆ," ಅಂದ ಅಧಿಕಾರಿ.

"ಕಥೆ ಹೇಳಬಾರದು ಅಂತ ನಿಮ್ಮ ನಿಯಮದಲ್ಲಿ ಬರೆದಿದೆಯಾ?"

ಬರೆದಿರಲಿಲ್ಲ. ಮೇಷ್ಟ್ರ ಭುಜ ಒಂದು ಸುತ್ತಿಗೆ, ಜಿಪುಣಿ ಒಂದು ಸುತ್ತಿಗೆ, ಕಪ್ಪೆ ಎರಡು ಸುತ್ತಿಗೆ ಆಯಿತು. ಮೂರನೆಯ ಸುತ್ತಿನಲ್ಲಿ ಇಬ್ಬರು ಹುಡುಗರಲ್ಲಿ ಒಬ್ಬ ಮೆಟ್ಟಿಲ ಮೇಲೆ ಕೂತುಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ. ಸೊಸೆ ಅವನ ಪಕ್ಕದಲ್ಲೇ ಹೂಂ ಎನ್ನುತ್ತ ಹತ್ತಿ ಹೋದಳು. ಅಂಗಳದಲ್ಲಿ ಅವಳ ಜೊತೆಯವರು ಒಬ್ಬೊಬ್ಬರಾಗಿ ಬಂದು ನಿಂತರು. ಇಂಥ ಪರೀಕ್ಷೆ ಅವರು ಕಂಡಿರಲಿಲ್ಲ.

ಐದನೆಯ ಸುತ್ತಿಗೆ ಅತ್ತೆಯ ಹತ್ತಿರ ಕಥೆ ಖಾಲಿಯಾಯಿತು. ಹೌದು, ರೇಡಿಯೋ ಅತ್ತೆಯ ಹತ್ತಿರ ಕಥೆ ಖಾಲಿ! ಉಳಿದಿದ್ದದ್ದು ಒಂದೇ. ಅದನ್ನು ಅವಳು ಬೇಕೆಂದು ಎತ್ತಿಕೊಳ್ಳಲಿಲ್ಲ, ಅದೇ ಬಾಯಿಗೆ ಬಂತು.

"ನಾನು ಹೊಲಿಗೆ ಶುರುಮಾಡಿದ ಮೊದಲ ವರ್ಷ. ನಲವತ್ತು ಚಡ್ಡಿ ಕತ್ತರಿಸಿದ್ದೆ!"

ಎರಡನೆಯ ಕಿಟಕಿ. "ಹೂಂ."

"ನೋಡ್ತೀನಿ, ಎಲ್ಲಾ ಎಡಗಾಲು! ಎಂಬತ್ತೂ ಎಡಗಾಲು!"

ಮೂರನೆಯ ಕಿಟಕಿ. "ಹೂಂ."

"ಬೆಳಗ್ಗೆ ಶಾಲೆಗೆ ಕೊಡ್ಬೇಕು, ಬಟ್ಟೆ ಒಂದು ಗೇಣೂ ಉಳಿದಿಲ್ಲ. ನೆಲದ ಮೇಲೆ ಕೂತು ಅಳ್ತಾ ಇದ್ದೆ!"

ನಾಲ್ಕನೆಯ ಕಿಟಕಿಯಿಂದ ಏನೂ ಬರಲಿಲ್ಲ.

ಅತ್ತೆ ಕಾದಳು. ಐದನೆಯ ಕಿಟಕಿಯೂ ಸುಮ್ಮನಿತ್ತು. ಹೂಂ ಇಲ್ಲದೆ ಕಥೆ ಮುಂದೆ ಹೋಗುವಂತಿಲ್ಲ, ಹೋಗಲೂ ಅವಳಿಂದಾಗದು. ಆಸ್ಪತ್ರೆಯ ಆ ಮಧ್ಯಾಹ್ನ ಸರಿಯಾಗಿ ಇದೇ ಮಾತಿನ ಹತ್ತಿರ, ನೆಲದ ಮೇಲೆ ಕೂತು ಅಳುತ್ತಿದ್ದೆ ಎಂಬಲ್ಲಿ, ಹೂಂ ನಿಂತಿತ್ತು. ಅವಳು ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಪರೀಕ್ಷೆ ಹಾಳಾಗಲಿ, ಲಾರಿ ಹಾಳಾಗಲಿ, ಒಂದು ಸದ್ದು ಬರಲಿ ಸಾಕು ಎಂದು ಬೇಡಿಕೊಂಡಳು. "ಹದಿನೇಳೂವರೆ," ಎಂದು ಅಧಿಕಾರಿ ತನ್ನಷ್ಟಕ್ಕೆ ಹೇಳಿದ್ದು ಅವಳಿಗೆ ಕೇಳಿಸಲೇ ಇಲ್ಲ.

ಗಂಟೆ ಹೊಡೆಯಿತು.

ಅಂಗಳದವರೆಲ್ಲ ಹೋ ಎಂದು ಕೂಗಿದರು. ಅತ್ತೆ ಕೂಗಲಿಲ್ಲ. ಗಂಟೆಯನ್ನು ಯಾರು ಬೇಕಾದರೂ ಹೊಡೆಯಬಹುದು, ಅವಳಿಗೆ ಬೇಕಾದದ್ದು ಅದಲ್ಲ. ಗೋಪುರದ ತುದಿಯ ಕಟಕಟೆಗೆ ಒರಗಿ ಸೊಸೆ ಕಾಣಿಸಿಕೊಂಡಳು. ಪೈಪು ಇನ್ನೂ ಹೆಗಲ ಮೇಲಿತ್ತು, ಬಾಯಿ ತೆರೆದಿತ್ತು, ಎದೆ ತಿದಿಯ ಹಾಗೆ ಏರಿ ಇಳಿಯುತ್ತಿತ್ತು. ಮಾತಿಗಾಗಿ ಉಸಿರನ್ನು ಒಟ್ಟುಮಾಡಿಕೊಳ್ಳಲು ಅವಳಿಗೆ ತುಸು ಹೊತ್ತು ಹಿಡಿಯಿತು. ಎಂಟು ವರ್ಷದಲ್ಲಿ ಅತ್ತೆಯ ಕಥೆಗೆ ಹೂಂ ಬಿಟ್ಟು ಬೇರೇನನ್ನೂ ಅಂದವಳಲ್ಲ ಅವಳು.

"ಆಮೇಲೆ?" ಎಂದು ಕೆಳಕ್ಕೆ ಕೂಗಿದಳು. "ಅತ್ತೇ, ಆಮೇಲೆ ಏನಾಯ್ತು?"

ಆರು ವರ್ಷದಿಂದ ಒಳಗೇ ಉಳಿದಿದ್ದ ಮಾತು ಈಗ ಆರು ಅಂತಸ್ತು ಮೇಲಕ್ಕೆ ಹೋಗಬೇಕಿತ್ತು. ಅತ್ತೆ ತಲೆ ಎತ್ತಿ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು.

"ನಿಮ್ಮ ಮಾವ ಬಂದ್ರು! ಒಂದು ತುಂಡು ಎತ್ತಿ ಮಗುಚಿ ಹಾಕಿದ್ರು! ಎರಡೂ ಕಡೆ ಒಂದೇ ಥರ ಇರೋ ಬಟ್ಟೆ ಕಣೇ ಅದು, ಮಗುಚಿದ್ರೆ ಬಲಗಾಲು!"

ಅಂಗಳದವರು ತಲೆಬುಡ ಅರ್ಥವಾಗದೆ ಮುಖ ಮುಖ ನೋಡಿಕೊಂಡರು. ಮೇಲೆ ಸೊಸೆ ಪೈಪನ್ನು ಹೆಗಲಿನಿಂದ ಇಳಿಸಿ, ಕಟಕಟೆಗೆ ಹಣೆ ಒತ್ತಿ ನಗುತ್ತಿದ್ದಳು. ಅತ್ತೆ ಕಣ್ಣೊರೆಸಿಕೊಂಡು ಬೇಲಿಗೆ ಒರಗಿಸಿದ್ದ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದಳು.

"ಹೂಂ," ಅಂದಳು ಸೊಸೆ ಮೇಲಿನಿಂದ.