ಸೀರೆ ಉಟ್ಟ ಕಂಪ್ಯೂಟರ್

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ ಜೋರಾದ ದಿನ ಹೊರಗಿನವರು ಸೀನುತ್ತಾರೆ; ಊರವರು ತಮಗೆ ಸೀನೇ ಬರುವುದಿಲ್ಲವೆಂದು ಹೇಳಿ, ಪಕ್ಕಕ್ಕೆ ತಿರುಗಿ ಸೀನುತ್ತಾರೆ. ನಿರ್ಮಲಾಳ ಫೋಟೋ ಸ್ಟುಡಿಯೋ ಇದ್ದದ್ದು ಪೇಟೆಗೆ ಹೋಗುವ ರಸ್ತೆಯಲ್ಲೇ, ಅವರ ಮನೆಯ ಮುಂದಿನ ಕೋಣೆಯಲ್ಲಿ. ಲಾರಿ ಹೋದಾಗಲೆಲ್ಲ ಘಾಟು ಒಳಗೆ ನುಗ್ಗುತ್ತಿತ್ತು. ಇದನ್ನು ನೋಡಿ ನೋಡಿ ಅವಳ ಅತ್ತೆ ಹೊನ್ನವ್ವ, ಕಂಪ್ಯೂಟರಿನ ಡಬ್ಬಿಗೆ ತನ್ನದೊಂದು ಹಳೆಯ ಇಳಕಲ್ ಸೀರೆ ಸುತ್ತಿಬಿಟ್ಟಿದ್ದಳು. ಹಿಂದಿನ ತೂತುಗಳೇ ಅದರ ಮೂಗು, ಮನುಷ್ಯರಿಗೆ ತಡೆಯದ ಘಾಟು ಅದಕ್ಕೆ ತಡೆದೀತೇ ಎಂಬುದು ಆಕೆಯ ವಾದ. ಸೊಸೆ ಕ್ಯಾಮೆರಾ ಹಿಡಿದು ಮಂದಿಯ ಮದುವೆಗೆ ಹೋಗುವುದು ಹೊನ್ನವ್ವನಿಗೆ ಅಷ್ಟಾಗಿ ಸೇರದು. ಆದರೂ ತಂದ ಯಂತ್ರ ಹಾಳಾಗಬಾರದಲ್ಲ. ನಿರ್ಮಲಾ ದಿನಾ ಬಿಚ್ಚುವಳು, ಅತ್ತೆ ದಿನಾ ಸುತ್ತುವಳು. ಕೊನೆಗೆ ಮನೆಯ ನೆಮ್ಮದಿಯೇ ದೊಡ್ಡದೆಂದು ನಿರ್ಮಲಾ ಸುಮ್ಮನಾಗಿದ್ದಳು.

ಆ ಬೆಳಿಗ್ಗೆ ಅವಳು ಅಗಡಿಯ ಚಂದ್ರಪ್ಪನವರ ಮಗಳ ಮದುವೆಯ ವಿಡಿಯೋ ಜೋಡಿಸಲು ಕುಳಿತಾಗ ಪರದೆಯ ಮೇಲೆ ಎಚ್ಚರಿಕೆಯೊಂದು ಬಂತು. ಹಾರ್ಡ್ ಡಿಸ್ಕಿನಲ್ಲಿ ದೋಷವಿದೆ, ಅದರಲ್ಲಿರುವುದೆಲ್ಲ ಯಾವಾಗ ಬೇಕಾದರೂ ಹೋಗಬಹುದು, ಕೂಡಲೇ ಕಾಪಿ ಮಾಡಿಕೊಳ್ಳಿ ಎಂದಿತ್ತು. ಡಬ್ಬಿಯೊಳಗಿಂದ ಕಟ್ ಕಟ್ ಎಂಬ ಸದ್ದು. ಸೀರೆಯ ಮೇಲೆ ಕೈಯಿಟ್ಟರೆ ಒಲೆಯ ಪಕ್ಕದ ಗೋಡೆಯಷ್ಟು ಬಿಸಿ.

ಅದು ಅವಳು ಒಬ್ಬಳೇ ನಿಂತು ತೆಗೆದ ಮೊದಲ ಮದುವೆ. ಹೆಣ್ಣುಮಗಳು ಮಂಟಪ ಹತ್ತಿ ವಿಡಿಯೋ ತೆಗೆಯುವುದೇ ಎಂದು ಬೀಗರು ಮೂಗು ಮುರಿದಾಗ, ಆಕೆಯೇ ತೆಗೆಯಲಿ ಎಂದು ಚಂದ್ರಪ್ಪನವರು ಒಂದೇ ಮಾತಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ದರು. ಅವರ ತಾಯಿ ಸಿದ್ದವ್ವ ಹಾಸಿಗೆ ಹಿಡಿದವರು. ಮೊಮ್ಮಗಳ ತಲೆಗೆ ಅಕ್ಷತೆ ಬಿದ್ದದ್ದನ್ನು ವಿಡಿಯೋದಲ್ಲಾದರೂ ನೋಡಬೇಕೆಂದು ಕಾದಿದ್ದರು. ಕ್ಯಾಮೆರಾದ ಕಾರ್ಡುಗಳನ್ನು ಮುಂದಿನ ಮದುವೆಗೆಂದು ಅಳಿಸಿಯಾಗಿತ್ತು. ಇನ್ನೊಂದು ಡಿಸ್ಕ್ ತರಬೇಕು ತರಬೇಕು ಎನ್ನುತ್ತಲೇ ದಿನಗಳು ಹೋಗಿದ್ದವು. ಈಗ ಇದು ಹೋದರೆ, ಹೆಂಗಸಿನ ಕೈಗೆ ಕೊಟ್ಟರೆ ಹೀಗೇ ಎಂದು ಮಂದಿ ಆಡಿಕೊಳ್ಳುವುದರಲ್ಲಿ ಸಂಶಯವಿರಲಿಲ್ಲ.

ಗಂಡ ಸುನೀಲಕುಮಾರ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಕೆಲಸಕ್ಕೆ ಹೊರಟವನು ಇಣುಕಿ ನೋಡಿ, ಒಮ್ಮೆ ಆಫ್ ಮಾಡಿ ಆನ್ ಮಾಡು ಎಂದ. ಟಿವಿ, ಮಿಕ್ಸರ್, ಮೋಟಾರು, ಯಾವುದು ಕೆಟ್ಟರೂ ಅವನದು ಅದೊಂದೇ ಮದ್ದು. ಅದಕ್ಕೆ ಒಪ್ಪದಿದ್ದರೆ ಡಿಸ್ಕನ್ನು ಪೂರ್ತಿ ತಪಾಸಣೆ ಮಾಡಿ ಸರಿಪಡಿಸುವ ಗುಂಡಿ ಒತ್ತು ಎಂದ. ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಇಸಾಕಸಾಬನಿಗೆ ಫೋನ್ ಮಾಡಿದರೆ, ನೋಡದೆ ಏನೂ ಹೇಳಲಾರೆ, ಬಸ್ಸಿನಲ್ಲಿ ಹಾಕಿಕೊಂಡು ಬಾ ಎಂದ.

ನಿರ್ಮಲಾ ಮೂವರ ಮಾತನ್ನೂ ಕೇಳಿದಳು. ಮೂರನೆಯವನು ಡಬ್ಬಿಯೊಳಗೆ ಕಟ್ ಕಟ್ ಎನ್ನುತ್ತಿದ್ದ. ಆಫ್ ಮಾಡಿದರೆ ಮತ್ತೆ ಏಳುತ್ತದೆಂಬ ಖಾತ್ರಿಯಿಲ್ಲ. ಬಸ್ಸಿನ ಕುಲುಕಾಟವಂತೂ ಬೇಡವೇ ಬೇಡ. ಇನ್ನು ತಪಾಸಣೆ ಎಂದರೆ, ಏದುಸಿರು ಬಿಡುವ ಎತ್ತಿಗೆ ಎಷ್ಟು ಶಕ್ತಿ ಉಳಿದಿದೆ ನೋಡೋಣವೆಂದು ತುಂಬಿದ ಚಕ್ಕಡಿ ಕಟ್ಟಿದ ಹಾಗೆ. ಯಾವ ಗುಂಡಿಯನ್ನೂ ಒತ್ತುವುದಿಲ್ಲ, ಉಸಿರಿರುವಾಗಲೇ ಸಿಕ್ಕಷ್ಟು ತೆಗೆದುಕೊಳ್ಳುತ್ತೇನೆ ಎಂದು ಅವಳು ನಿರ್ಧರಿಸಿದಳು. ಸರಸರನೆ ಸೀರೆ ಬಿಚ್ಚಿದಳು. ಟೇಬಲ್ ಫ್ಯಾನನ್ನು ಡಬ್ಬಿಯ ಮುಖಕ್ಕೆ ಹಿಡಿದಿಟ್ಟಳು. ಬಾಗಿಲಲ್ಲಿ ಕಡಲೆ ಹಸನು ಮಾಡುತ್ತ ಕುಳಿತಿದ್ದ ಹೊನ್ನವ್ವ ಆ ಸೀರೆಯನ್ನು ಎತ್ತಿಕೊಂಡಳು. ಅದರ ಬಿಸಿ ಆಕೆಯ ಕೈಗೂ ತಾಗಿತು.

ಗಿರಾಕಿಗಳಿಗೆ ಕೊಡಲು ತಂದಿಟ್ಟಿದ್ದ ಪೆನ್‌ಡ್ರೈವ್‌ಗಳನ್ನೆಲ್ಲ ನಿರ್ಮಲಾ ಮುಂದೆ ಸುರಿದುಕೊಂಡಳು. ಆಗ ಸುನೀಲಕುಮಾರನಿಗೆ ನೆನಪಾಯಿತು: ಮಗಳು ಕಾವ್ಯಾಳ ತೊಟ್ಟಿಲ ಕಾರ್ಯದ ವಿಡಿಯೋ ಕೂಡ ಇದರಲ್ಲೇ ಇತ್ತು. ಹೊನ್ನವ್ವ ಮೊಮ್ಮಗಳಿಗೆ ಜೋಗುಳ ಹಾಡಿದ್ದು, ಕೂಸು ಅಜ್ಜಿಯ ಮೂಗುಬೊಟ್ಟು ಹಿಡಿದು ಬಿಡದೆ ಇದ್ದದ್ದು, ಎಲ್ಲ.

“ಮೊದಲ ನಮ್ಮ ಕಾವ್ಯಾಂದು ತಗಿ” ಎಂದ ಅವನು.

ನಿರ್ಮಲಾ ಮೊದಲ ಪೆನ್‌ಡ್ರೈವ್ ಚುಚ್ಚಿ, ಚಂದ್ರಪ್ಪನವರ ಮದುವೆಯನ್ನೇ ಆರಿಸಿದಳು. ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ.

“ನಮ್ಮದು ಹೋದ್ರ ನಾವ ಅತ್ತು ಸುಮ್ಮನಾಗ್ತೀವ್ರಿ. ಅವ್ರು ನಂಬಿ ಕೊಟ್ಟಾರ. ಮೊದಲ ಅವ್ರದ ಬರ್ಲಿ.”

ಸುನೀಲಕುಮಾರ ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತ. ಅರಿಶಿಣ ಬಂತು, ಸುರಗಿ ಸುತ್ತಿ ನೀರೆರೆದದ್ದು ಬಂತು, ಬೀಗರ ಜಗಳವೂ ಬಂತು. ನಡುನಡುವೆ ಯಂತ್ರ ನಿಂತೇಬಿಟ್ಟಿತೆನ್ನುವಷ್ಟು ತಡೆಯುತ್ತಿತ್ತು. ಹೊನ್ನವ್ವ ಮೈಲಾರಲಿಂಗನನ್ನು ನೆನೆಯುತ್ತಿದ್ದಳು. ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ. ಎಲ್ಲಕ್ಕೂ ಕೊನೆಗೆ ಅಕ್ಷತೆ ಬಂತು. ನಿರ್ಮಲಾ ಅದನ್ನು ತೆರೆದು ನೋಡಿ ಖಾತ್ರಿ ಮಾಡಿಕೊಂಡು, ತೊಟ್ಟಿಲ ಕಾರ್ಯಕ್ಕೆ ಕೈ ಹಾಕಿದಳು. ಒಂದಿಷ್ಟು ದೂರ ಹೋಗಿ ಡಿಸ್ಕ್ ಟಕ್ಕೆಂದು ನಿಂತಿತು. ಆಮೇಲೆ ಸುನೀಲಕುಮಾರ ಆಫ್ ಮಾಡಿ ಆನ್ ಮಾಡಿದ, ಮತ್ತೊಮ್ಮೆ ಮಾಡಿದ. ಅದು ಏಳಲಿಲ್ಲ.

ರಾಣೆಬೆನ್ನೂರಿಗೆ ಒಯ್ದ ಡಿಸ್ಕನ್ನು ನೋಡಿದ ಇಸಾಕಸಾಬ, ಕಾವಿಗೆ ಹೀಗಾಗಿದೆ, ಇನ್ನು ಇದರಿಂದ ಏನೂ ಬರುವುದಿಲ್ಲ ಎಂದ. ನಿರ್ಮಲಾ ಮನೆಗೆ ಬಂದು, ಡಿಸ್ಕಿಗೆ ವಯಸ್ಸಾಗಿತ್ತಂತೆ ಎಂದಷ್ಟೇ ಹೇಳಿದಳು. ಹೊನ್ನವ್ವ ಸೊಸೆಯ ಮುಖವನ್ನೇ ನೋಡಿ ಒಳಗೆ ಹೋದಳು.

ವಿಡಿಯೋ ಒಯ್ಯಲು ಬಂದ ಚಂದ್ರಪ್ಪನವರು ಸ್ಟುಡಿಯೋದಲ್ಲೇ ಕುಳಿತು ನೋಡಿದರು. ಅಕ್ಷತೆ ಬೀಳುವಾಗ ಕಣ್ಣೊರೆಸಿಕೊಂಡು, ಅವ್ವ ಇವತ್ತು ಹೊಟ್ಟೆ ತುಂಬ ಉಣ್ಣುತ್ತಾಳೆ ಎಂದರು. ಆಗ, ಗಿರಾಕಿಗಳೆದುರು ಎಂದೂ ಬಾಯಿ ತೆರೆಯದ ಹೊನ್ನವ್ವ ಬಾಗಿಲಿಗೆ ಬಂದು ನಿಂತಳು.

“ನಮ್ಮ ಕೂಸಿಂದು ಬಿಟ್ಟು ನಿಮ್ಮದು ಉಳಿಸ್ಯಾಳ್ರಿ ನನ್ನ ಸೊಸಿ. ಹೆಣ್ಣಮಕ್ಕಳ ಕೈಯಾಗ ಕೊಡಬ್ಯಾಡ್ರಿ ಅಂತ ಯಾರರೆ ಅಂದ್ರ, ಅವ್ರನ್ನ ನನ್ನ ಹತ್ರ ಕಳಸ್ರಿ.”

ಆ ಮಾತು ಕೇಳಿ ನಿರ್ಮಲಾಳಿಗೆ ಅನಿಸಿದ ಹೆಮ್ಮೆ ಅಷ್ಟಿಷ್ಟಲ್ಲ. ಮದುವೆಯಾಗಿ ಬಂದ ಮೇಲೆ ಅತ್ತೆಯ ಬಾಯಿಂದ ‘ನನ್ನ ಸೊಸಿ’ ಎಂಬುದನ್ನು ಅವಳು ಕೇಳಿದ್ದು ಅದೇ ಮೊದಲು.

ಅಂದು ಸಂಜೆ ಸ್ಟುಡಿಯೋ ಮುಚ್ಚಿ ಒಳಗೆ ಬಂದರೆ ನಡುಮನೆಯ ತೊಲೆಗೆ ಅದೇ ಇಳಕಲ್ ಸೀರೆಯ ಜೋಳಿಗೆ ತೊಟ್ಟಿಲಾಗಿ ತೂಗುತ್ತಿತ್ತು. ಅದರೊಳಗೆ ಶಾಲೆಗೆ ಹೋಗುವ ಕಾವ್ಯಾ, ಎರಡೂ ಕಾಲು ಹೊರಗೆ ಚಾಚಿ, ನಾನೇನು ಸಣ್ಣ ಕೂಸೇ ಎಂದು ನಗುತ್ತಿದ್ದಳು. ಹೊನ್ನವ್ವ ಹೊಸ ಸೀರೆ ಉಟ್ಟು, ಕುಂಕುಮ ತಿದ್ದಿಕೊಂಡು, ಜೋಳಿಗೆಗೆ ಕೈಯಿಟ್ಟು ಕಾದು ನಿಂತಿದ್ದಳು. ನಿರ್ಮಲಾ ಕ್ಯಾಮೆರಾ ತೆಗೆದಳು. ಹಾಡಲು ಬಾಯಿ ತೆರೆದ ಹೊನ್ನವ್ವ ತಡೆದು ಹೇಳಿದಳು:

“ಈ ಸಲ ಎರಡ ಕಡೆ ಇಟಗೋ.”