ನೇರ ರಸ್ತೆ

"ಸ್ವಲ್ಪ ಓರೆ ಮಾಡಿ, ಗೋಡೆಗೆ ತಾಗುತ್ತೆ," ಎಂದ ಸತ್ತವನ ತಮ್ಮ. ನಾಲ್ವರು ಇಕ್ಕಟ್ಟಾದ ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆಯನ್ನು ಓರೆ ಮಾಡಿದರು. ಒಳಗಿದ್ದವನು ಬೇಕರಿಯ ವ್ಯಾನ್ ಡ್ರೈವರ್. ದಪ್ಪ ಆಸಾಮಿ, ಬರಿಗೈಯಲ್ಲಿ ಹತ್ತಿದರೂ ಆ ತಿರುವಿನಲ್ಲಿ ಏದುಸಿರು ಬಿಡುತ್ತಿದ್ದ.

ಮಣ್ಣು ಮಾಡಿ ಬಂದವರು ಹಜಾರದಲ್ಲಿ ಕುಳಿತರು. ಮಾತು ಅಪಘಾತಕ್ಕೇ ಬಂತು. ನೇರ ರಸ್ತೆ, ಮಟಮಟ ಮಧ್ಯಾಹ್ನ, ಎದುರಿಗೆ ಒಂದು ಗಾಡಿಯೂ ಇರಲಿಲ್ಲ. ವ್ಯಾನು ಮೆಲ್ಲಗೆ ಪಕ್ಕಕ್ಕೆ ಸರಿದು, ರಸ್ತೆ ಬಿಟ್ಟಿಳಿದು, ಮರಕ್ಕೆ ಗುದ್ದಿತ್ತು. ಬ್ರೇಕ್ ಒತ್ತಿದ ಗುರುತೇ ಇರಲಿಲ್ಲ.

"ಕುಡಿದಿದ್ನಾ?" ಯಾರೋ ಪಿಸುಗುಟ್ಟಿದರು.

"ಅದರ ವಾಸನೆಯೂ ಅವನಿಗೆ ಆಗ್ತಿರ್ಲಿಲ್ಲ," ಬೇಕರಿಯ ಮೇಸ್ತ್ರಿ ಸಿಡುಕಿದ. "ಫೋನೂ ನಮ್ಮಲ್ಲೇ ಮರೆತು ಹೋಗಿದ್ದ."

ತಮ್ಮ ಮಾತು ತಿರುಗಿಸಿದ. "ನನ್ನ ಮದುವೆ ಫೋಟೋ ನೋಡಿ. ಒಂದರಲ್ಲೂ ಅಣ್ಣನ ಕಣ್ಣು ತೆರೆದಿಲ್ಲ."

"ಹಿಟ್ಟಿನ ಮೂಟೆ ಮೇಲೆ ಕೂತ ಅಂದ್ರೆ ಮುಗೀತು, ನಿದ್ದೆ," ಎಂದ ಮೇಸ್ತ್ರಿ.

"ನನ್ನ ಜೊತೆ ಚದುರಂಗ ಆಡ್ತಾ, ಕುದುರೆ ಕೈಯಲ್ಲಿ ಹಿಡ್ಕೊಂಡೇ ಗೊರಕೆ!" ಸತ್ತವನ ಮಗಳು ಕಣ್ಣೊರೆಸಿಕೊಂಡು ನಕ್ಕಳು. ಅವನ ಹೆಂಡತಿಯೂ ನಕ್ಕಳು.

ಕೆಳಮನೆಯ ನರ್ಸ್ ನಗಲಿಲ್ಲ. "ಗೊರಕೆ ಮಧ್ಯೆ ಉಸಿರು ನಿಲ್ತಿತ್ತಾ ಅಕ್ಕಾ?"

"ನಿಲ್ತಿತ್ತು. ಆಮೇಲೆ ನೀರಿಂದ ಮೇಲೆದ್ದವರ ಹಾಗೆ ಉಸಿರೆಳೀತಿದ್ರು. ಯಾಕೆ?"

"ಅದೊಂದು ಕಾಯಿಲೆ. ಎಷ್ಟು ಮಲಗಿದ್ರೂ ನಿದ್ದೆ ಆಗಿರಲ್ಲ. ಹಗಲಲ್ಲಿ, ಗಾಡಿ ಓಡಿಸ್ತಾ ಇದ್ರೂ…" ನರ್ಸ್ ಉಳಿದದ್ದನ್ನು ನುಂಗಿಕೊಂಡಳು.



*

ಹಿಂದಿನ ಬೇಸಿಗೆಯಲ್ಲಿ ಒಮ್ಮೆ ಹೆಂಡತಿ ವ್ಯಾನಿನಲ್ಲಿ ಅವನ ಪಕ್ಕ ಕುಳಿತಿದ್ದಳು. ಇದ್ದಕ್ಕಿದ್ದಂತೆ ಚಕ್ರದಡಿ ರಸ್ತೆಯಂಚಿನ ಜಲ್ಲಿ ಕರಕರ ಎಂದಿತು. ಅವಳು ಚೀರಿದಳು. ಅವನು ಬೆಚ್ಚಿ ಸ್ಟೀರಿಂಗ್ ಎಳೆದು, ಗಾಡಿ ನಿಲ್ಲಿಸಿ, ಮುಖಕ್ಕೆ ನೀರು ಚಿಮುಕಿಸಿಕೊಂಡ.

"ನಿದ್ದೆ ಮಾಡಿದ್ರಾ?"

"ಕಣ್ಣು ಮಿಟುಕಿಸಿದೆ, ಅಷ್ಟೆ. ರಾತ್ರಿಯೆಲ್ಲ ಕೊರಡಿನ ಹಾಗೆ ಬಿದ್ದಿರ್ತೀನಿ, ಇನ್ನೆಲ್ಲಿಂದ ನಿದ್ದೆ ಬರ್ಬೇಕು?"

ಅದು ಅವಳಿಗೂ ಸರಿಯೆನಿಸಿತ್ತು. ಊರು ಸೇರುವವರೆಗೂ ಅವನ ಸೋಮಾರಿತನವನ್ನು ಆಡಿಕೊಂಡೇ ಬಂದಿದ್ದಳು.

*

ಸಂಜೆಯಾಗುತ್ತಿದ್ದಂತೆ, ಬಂದವರು ಹೊರಡಲು ಎದ್ದರು. ಅವರನ್ನು ತನ್ನ ಕಾರಿನಲ್ಲಿ ಬಿಟ್ಟುಬರಬೇಕಾದ ತಮ್ಮ ಕುರ್ಚಿಗೊರಗಿ, ಬಾಯಿ ತೆರೆದು, ನಿದ್ದೆಹೋಗಿದ್ದ. ಗೊರಕೆ ಏರಿತು, ಇಳಿಯಿತು. ಮತ್ತೆ ಏರಿ ಪಟ್ಟನೆ ನಿಂತಿತು.

ಚಪ್ಪಲಿ ಮೆಟ್ಟುತ್ತಿದ್ದವರು ಇದ್ದಲ್ಲೇ ನಿಂತರು. ಮೇಸ್ತ್ರಿ ಬಾಗಿಲ ಹಿಡಿಯಿಂದ ಕೈ ತೆಗೆದ. ಇಡೀ ಹಜಾರವೇ ಉಸಿರು ಬಿಗಿಹಿಡಿಯಿತು.

ಕೊನೆಗೆ ತಮ್ಮ ಗಕ್ಕನೆ ಉಸಿರೆಳೆದು ತಲೆ ಹೊರಳಿಸಿದ. ಅತ್ತಿಗೆ ಸದ್ದಾಗದಂತೆ ಹತ್ತಿರ ಬಂದು, ಅವನ ಅಂಗಿಯ ಜೇಬಿಗೆ ಎರಡು ಬೆರಳು ಇಳಿಸಿ, ಕಾರಿನ ಕೀಲಿಯನ್ನು ಹೊರಗೆಳೆದಳು.